ಹನ್ನೆರಡನೆಯ ಅರ್ಥ

ಕೀಪ್ — ಪುಟದ ನೆತ್ತಿಯಲ್ಲಿ ದಪ್ಪಗೆ ಅಚ್ಚಾಗಿದೆ, ನಾಲ್ಕೇ ಅಕ್ಷರದ ಇಂಗ್ಲಿಷ್ ಶಬ್ದ, ಅದರ ಕೆಳಗೆ ಇಟ್ಟುಕೊಳ್ಳು, ಉಳಿಸು, ಕಾಪಾಡು, ಪಾಲಿಸು, ಸಾಕು, ತಡೆ, ಬಚ್ಚಿಡು, ಬಿಡದೆ ಮಾಡು, ಇಷ್ಟು ಪುಟ್ಟದಕ್ಕೆ ಇಷ್ಟು ದೊಡ್ಡ ಸಂಸಾರ, ಅವನ ಕೆಂಪು ಪೆನ್ನು ಒಂದೊಂದು ಅರ್ಥದ ತಲೆ ಸವರಿಕೊಂಡು ಕೆಳಗಿಳಿಯುತ್ತಿದೆ, ಇಂಗ್ಲಿಷಿನವರು ದೊಡ್ಡ ದೊಡ್ಡ ಶಬ್ದಗಳನ್ನ ಷೋಕಿಗೆ ಇಟ್ಕೊಂಡಿದ್ದಾರೆ ಕಣೋ, ಮೈ ಮುರಿದು ದುಡಿಯೋದೆಲ್ಲ ಈ ಚಿಕ್ಕವೇ, ಅಂದಿದ್ದವಳು ಅಕ್ಕ, ಈ ನಿಘಂಟಿನ ಕೆ ಅಕ್ಷರವನ್ನು ಮೊದಲಿಂದ ಕೊನೆಯವರೆಗೆ ಒಬ್ಬಳೇ ಬರೆದವಳು, ಅಚ್ಚಾದದ್ದನ್ನು ನೋಡದೆ ಹೋದವಳು, ಜನವರಿಯಲ್ಲಿ ಹೋದಳು, ಈಗ ಅಕ್ಟೋಬರ್, ಒಂಬತ್ತು ತಿಂಗಳು — ಮನೆಯ ಮೇಜಿನ ಮೇಲೆ ಫೋನು ಗುರ್ ಅನ್ನುತ್ತದೆ, ಪುಟ ಕಟ್ಟುವಾಕೆ, ಸರ್, ಆ ಪುಟ ಇನ್ನೂ ಎರಡು ಸಾಲು ಆಚೆ ಬೀಳ್ತಿದೆ, ಏನಾದ್ರೂ ತೆಗೆದುಕೊಡಿ, ನಾಲ್ಕು ಗಂಟೆಗೆ ಪ್ರೆಸ್ಸಿಗೆ ಹೋಗ್ಬೇಕು, ನೋಡ್ತೀನಮ್ಮ, ನೋಡ್ತೀನಿ ಅಂದ್ರೆ ಆಗಲ್ಲ ಸರ್, ಆಯ್ತು ತಾಯಿ, ಕೊಡ್ತೀನಿ. ಆಫೀಸಿನಲ್ಲಿ ಅವನಿಗೆ ಅರ್ಕಾವೊತ್ತು ಅಂತ ಅಡ್ಡಹೆಸರು, ಎಲ್ಲರಿಗಿಂತ ಕೊನೆಗೆ ಪುಟ ಕೈಗೆತ್ತಿಕೊಂಡು ಎಲ್ಲರಿಗಿಂತ ಮೊದಲು ತಪ್ಪು ಹಿಡಿಯುತ್ತಾನೆ ಅಂತ, ಕರಡು ತಿದ್ದುವ ಕೆಲಸದಲ್ಲಿ ಮೂವತ್ತೊಂದು ವರ್ಷ, ಬಗ್ಗಿದ ಕತ್ತು ಬಗ್ಗಿದ ಹಾಗೇ ಉಳಿದಿದೆ, ಎಂಥೆಂಥ ಪಂಡಿತರ ಸಾಲುಗಳನ್ನು ಸೊಪ್ಪು ತರಿದ ಹಾಗೆ ತರಿದು ಹಾಕಿದ್ದಾನೆ, ಇವತ್ತು ಮಾತ್ರ ಕೈ ಓಡುತ್ತಿಲ್ಲ, ಎರಡು ಸಾಲು ತೆಗೆಯಬೇಕು, ಯಾವುದನ್ನು ತೆಗೆಯಬೇಕೆಂದು ತಿಳಿಯುತ್ತಿಲ್ಲ.

ಯಾಕೆಂದರೆ ಉದಾಹರಣೆಗಳನ್ನೆಲ್ಲ ಅಕ್ಕ ಮನೆಯಿಂದಲೇ ಎತ್ತಿದ್ದಳು, ಅರ್ಥ ಎಲ್ಲಿಂದ ಬೇಕಾದ್ರೂ ತಂದ್ಕೋಬಹುದು, ಉದಾಹರಣೆ ಮಾತ್ರ ನಾವು ಕಣ್ಣಾರೆ ಕಂಡಿದ್ದೇ ಆಗಿರ್ಬೇಕು, ಇಲ್ದಿದ್ರೆ ರಾಜ ಮಂತ್ರಿ ಅಂತ ಬರ್ಕೊಂಡು ಸಾಯ್ಬೇಕಷ್ಟೆ, ಮೂರನೆಯ ಅರ್ಥಕ್ಕೆ, ನೆಂಟರು ಬಂದರೆ ಅವನು ಬಾಗಿಲು ಮುಚ್ಚಿಕೊಂಡೇ ಇರುತ್ತಾನೆ, ಏಳನೆಯದಕ್ಕೆ, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಕನ್ನಡಕ ಎಲ್ಲಿ ಎಂದು ಕೇಳುತ್ತಲೇ ಇರುತ್ತಾನೆ — ಅಯ್ಯೋ, ಇದು ನಾನೇ ಕಣೇ, ಓದಿದವರು ನಗಲ್ವೇನೇ, ನಗಲಿ ಬಿಡೋ, ನಿಘಂಟು ಓದಿ ನಗೋ ಭಾಗ್ಯ ಪಾಪ ಯಾರಿಗಿದೆ — ಎರಡು ಕೋಣೆ, ಎರಡು ಮೇಜು, ನಡುವೆ ಅಡುಗೆಮನೆ, ಆ ಮೇಜಿನಲ್ಲಿ ಅವಳು ಬರೆಯುತ್ತಾಳೆ, ಈ ಮೇಜಿನಲ್ಲಿ ಅವನು ತಿದ್ದುತ್ತಾನೆ, ಅವಳ ಮದುವೆ ಎರಡೇ ವರ್ಷಕ್ಕೆ ಮುರಿದು ಟ್ರಂಕು ಹೊತ್ತು ವಾಪಸು ಬಂದಳು, ಅವನು ಮದುವೆಯ ತಂಟೆಗೇ ಹೋಗಲಿಲ್ಲ, ಐದನೆಯ ಅರ್ಥ, ಅಮ್ಮ ತೀರಿಕೊಂಡ ಮೇಲೆ ಅಕ್ಕನೇ ತಮ್ಮನನ್ನು ಸಾಕಿದಳು, ಇದನ್ನು ತೆಗೆಯಲೇ, ತೆಗೆದರೆ ಕೈ ಬಿದ್ದು ಹೋದೀತು, ಒಂಬತ್ತನೆಯದು, ಅವನ ಊಟ ಮುಚ್ಚಿಟ್ಟಿದೆ, ಇದೂ ಬೇಡ, ಹನ್ನೆರಡನೆಯದು, ಕೆಡದೆ ಇರು, ತಡೆದುಕೊಳ್ಳು, ಈ ಹಾಲು ನಾಳೆಯವರೆಗೆ ಕೆಡುವುದಿಲ್ಲ, ಆಹಾ, ಇದರಲ್ಲಿ ಯಾರೂ ಇಲ್ಲ, ಬರೀ ಹಾಲು, ಇಂಗ್ಲಿಷ್ ಒಂದು ಸಾಲು ನಮ್ಮದು ಒಂದು ಸಾಲು, ಲೆಕ್ಕ ಸರಿಹೋಯಿತು, ಅವನು ಪೆನ್ನು ಊರುತ್ತಾನೆ, ಊರಿದವನು ತಡೆಯುತ್ತಾನೆ, ಮೂಲ ಚೀಟಿ ನೋಡದೆ ಚುಕ್ಕೆಯನ್ನೂ ತೆಗೆಯಬಾರದು, ಆಫೀಸಿಗೆಲ್ಲ ಈ ಪಾಠ ಹೇಳಿದವನು ಅವನೇ. ಒಂದೊಂದು ಅರ್ಥಕ್ಕೂ ಒಂದೊಂದು ಚೀಟಿ ಬರೆದಿಟ್ಟ ಡಬ್ಬಿ ಎಳೆದು ಹುಡುಕುತ್ತಾನೆ, ಅಕ್ಕ ಪ್ರತಿ ಚೀಟಿಯ ಮೇಲೂ ತಾರೀಕು ಹಾಕುತ್ತಿದ್ದಳು, ಹೋದ ವರ್ಷ ಮಾರ್ಚ್ ಹನ್ನೊಂದು, ನಡುವೆ ಹಾಲಿನ ಸಾಲು, ಅದರ ಮೇಲೆ ಇನ್ನೊಂದು ಸಾಲು, ಬರೆದು ಹೊಡೆದುಹಾಕಿದ್ದು, ಒಂದೇ ಗೀಟು, ಕೆಳಗಿನ ಅಕ್ಷರ ಸಲೀಸಾಗಿ ಓದಬಹುದು, ಕಂಕುಳಲ್ಲಿ ಕೈಗೆ ಸಿಕ್ಕಿದ ಗಂಟಿನ ವಿಷಯ ತಮ್ಮನಿಗೆ ಇವತ್ತೇ ಹೇಳಬೇಕೆಂದಿಲ್ಲ, ನಾಳೆಯವರೆಗೆ ತಡೆದೀತು.

ಮಾರ್ಚ್, ಅಲ್ಲ, ತಪ್ಪು ಬರೆದಿರಬೇಕು, ಅವಳು ಹೇಳಿದ್ದು ಆಗಸ್ಟಿನಲ್ಲಿ, ಆಗಸ್ಟ್ ಕೊನೆಯ ವಾರ, ಏನೋ ಒಂದು ಗಂಟಾಗಿದೆ ಕಣೋ, ತೋರಿಸೋಣ್ವಾ, ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಯಾವಾಗಿಂದ ಇದೆ ಇದು, ಈಗೀಗ ಡಾಕ್ಟ್ರೇ, ಒಂದು ವಾರ ಆಯ್ತೇನೋ, ಅಂದಳು ಅಕ್ಕ, ನಾಲ್ಕೈದು ತಿಂಗಳ ಮುಂಚೆ ಸಿಕ್ಕಿದ್ದಿದ್ರೆ ಏನಾದ್ರೂ ಮಾಡಬಹುದಿತ್ತಮ್ಮ, ಪಕ್ಕದ ಕುರ್ಚಿಯಲ್ಲಿ ಅಕ್ಕ ತಲೆ ತಗ್ಗಿಸಿ ಚೀಲದ ದಾರ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಅವನು ನಂಬಿದ, ಒಂಬತ್ತು ತಿಂಗಳಿಂದ ಆ ನಂಬಿಕೆಯ ಮೇಲೇ ಬದುಕಿದ್ದಾನೆ, ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ಹೇಳಿದ್ದಾನೆ, ಗೊತ್ತಾದ ದಿನವೇ ಕರ್ಕೊಂಡು ಓಡಿದೆ, ನಮ್ಮ ಕೈಲಿ ಆಗೋದೆಲ್ಲ ಮಾಡಿದ್ವಿ — ಮಾರ್ಚಿಂದ ಆಗಸ್ಟ್, ಏಪ್ರಿಲ್, ಮೇ, ಜೂನ್, ಜುಲೈ, ಬೆರಳು ಮಡಿಚುತ್ತಾನೆ, ಐದು ತಿಂಗಳು, ಸಿಟ್ಟು ನೆತ್ತಿಗೇರುತ್ತದೆ, ಹೇಳಬಾರದಿತ್ತೇನೇ, ಪಕ್ಕದ ಮನೆ ಬೆಕ್ಕು ಮರಿ ಹಾಕಿದ್ದನ್ನ ಮೂರು ಸಲ ಹೇಳ್ತಿದ್ದವಳು, ಇದನ್ನ ಹೇಳೋಕೆ ಬಾಯಿ ಇರಲಿಲ್ವಾ ನಿನಗೆ, ಮಾರ್ಚಿನಲ್ಲಿ ನಾನೆಲ್ಲಿ ಹೋಗಿದ್ದೆ, ಎಲ್ಲೂ ಹೋಗಿರಲಿಲ್ಲ, ಈ ಕೋಣೆಯಲ್ಲೇ, ಈ ಮೇಜಿನಲ್ಲೇ, ಶಾಲಾ ಪಠ್ಯದ ಕೊನೆಯ ಕರಡು, ಎಂಟು ದಿನ ಮನೆಗೇ ತಂದು ಕೂತಿದ್ದ, ಆವತ್ತು ಬೆಳಗ್ಗೆ — ಹೌದು, ಆವತ್ತೇ — ಬಚ್ಚಲ ಬಾಗಿಲು ತೆರೆದ ಸದ್ದು, ಅಕ್ಕ ಸ್ನಾನ ಮಾಡಿ ನೇರ ಇಲ್ಲಿಗೆ ಬಂದಳು, ಹೊಸ್ತಿಲ ಮೇಲೆ ನಿಂತಳು, ಒದ್ದೆ ಪಾದ, ನೀರು ನೆಲಕ್ಕೆ ಇಳಿಯುತ್ತಿತ್ತು, ಏನೋ ಹೇಳ್ಬೇಕಿತ್ತು ಕಣೋ, ಅವನು ಹಾಳೆಯಿಂದ ಕಣ್ಣು ಕಿತ್ತಿರಲಿಲ್ಲ, ಓರೆಗಣ್ಣಿಗೆ ಪಾದ ಕಂಡಿತ್ತು, ನೆಲ ಒದ್ದೆ ಮಾಡ್ತಿದೀಯಲ್ಲೇ, ಅರ್ಜೆಂಟಾ, ಅರ್ಜೆಂಟೇನಿಲ್ಲ, ಹಾಗಾದ್ರೆ ನಾಳೆ ಹೇಳೇ, ಇದೊಂದು ಮುಗಿಸಿಬಿಡ್ತೀನಿ, ಬಲಗಾಲಿನ ಹೆಬ್ಬೆರಳು ಎಡಪಾದದ ಮೇಲೆ ಒಮ್ಮೆ ಉಜ್ಜಿತು, ಪಾದ ತಿರುಗಿದವು, ಆ ಕಡೆ ಕೋಣೆಯಲ್ಲಿ ಕುರ್ಚಿ ಎಳೆದ ಸದ್ದು ಕೇಳಿತು. ಮಾರನೆಯ ದಿನ ಅವನು ಕೇಳಲಿಲ್ಲ, ಅದರ ಮಾರನೆಯ ದಿನವೂ ಕೇಳಲಿಲ್ಲ, ಪಠ್ಯ ಮುಗಿಯಿತು, ಇನ್ನೊಂದು ಬಂತು, ಮರೆತೇಬಿಟ್ಟ.

ಅವಳೂ ಹೆದರಿದ್ದಿರಬೇಕು, ಹೇಳಿದರೆ ನಿಜವಾಗಿಬಿಡುತ್ತದೆ ಅಂತ, ಅಷ್ಟು ಮಟ್ಟಿಗೆ ತಪ್ಪು ಹಂಚಿಕೊಳ್ಳೋಣವೇ ಅಕ್ಕ, ಅರ್ಧ ನಿನ್ನದು ಅರ್ಧ ನನ್ನದು, ಇಲ್ಲ, ಒಂದು ಸಲ ಕತ್ತೆತ್ತಿದ್ದರೆ ಸಾಕಿತ್ತು, ಅವಳ ಮುಖ ನೋಡಿದ್ದರೆ ಗೊತ್ತಾಗುತ್ತಿತ್ತು, ಅವಳ ಮುಖಕ್ಕೆ ಯಾವತ್ತೂ ಗುಟ್ಟು ದಕ್ಕುತ್ತಿರಲಿಲ್ಲ — ತಿದ್ದುವವರ ಕಸುಬಿನಲ್ಲಿ ಒಂದು ಗುರುತಿದೆ, ಹೊಡೆದುಹಾಕಿದ್ದು ಮತ್ತೆ ಬೇಕು ಅಂತಾದರೆ ಆ ಸಾಲಿನ ಕೆಳಗೆ ಚುಕ್ಕೆ ಇಟ್ಟುಕೊಂಡು ಹೋಗುವುದು, ಅಂಚಿನಲ್ಲಿ ಇರಲಿ ಅಂತ ಬರೆಯುವುದು, ಅವನು ಚೀಟಿಯ ಮೇಲೆ ಬಗ್ಗುತ್ತಾನೆ, ಕಂಕುಳಲ್ಲಿ, ಚುಕ್ಕೆ, ಚುಕ್ಕೆ, ಗಂಟಿನ, ಚುಕ್ಕೆ, ತಮ್ಮನಿಗೆ, ಕೆಂಪು ಶಾಯಿ ಹರಡುತ್ತದೆ, ಕಣ್ಣೀರು ಯಾವಾಗ ಬಿತ್ತೋ ಗೊತ್ತಿಲ್ಲ, ಫೋನು ಮತ್ತೆ, ಸರ್, ಯಾವುದು ತೆಗೀಲಿ, ಹನ್ನೆರಡರ ಉದಾಹರಣೆ ತೆಗಿಯಮ್ಮ, ಹಾಲಿಂದಾ ಸರ್, ಆಮೇಲೆ ಆ ಅರ್ಥಕ್ಕೆ ಉದಾಹರಣೆನೇ ಇರಲ್ವಲ್ಲ, ಅದಕ್ಕೆ ಉದಾಹರಣೆ ಬೇಡಮ್ಮ, ಸರ್, ನಿಮ್ಮ ದನಿ ಯಾಕೋ, ಏನಿಲ್ಲ, ನೆಗಡಿ, ಸರಿ ಸರ್, ಕಳಿಸ್ತಿದೀನಿ, ಅಲ್ಲಿ ಪುಟ ಸರಿಹೋಗುತ್ತದೆ, ಯಂತ್ರ ತಿರುಗುತ್ತದೆ, ಎಲ್ಲ ಅರ್ಥಕ್ಕೂ ಒಂದೊಂದು ಉದಾಹರಣೆ, ಹನ್ನೆರಡಕ್ಕೆ ಇಲ್ಲ, ಆವತ್ತು ಅವಳು ಯಾವ ಸೀರೆ ಉಟ್ಟಿದ್ದಳು, ಗೊತ್ತಿಲ್ಲ, ಕೂದಲು ಬಿಚ್ಚಿತ್ತೇ, ಗೊತ್ತಿಲ್ಲ, ಕೈ ಎಲ್ಲಿತ್ತು, ಕಂಕುಳ ಹತ್ತಿರ ಇತ್ತೇ, ತುಟಿ ನಡುಗುತ್ತಿತ್ತೇ, ನಕ್ಕಂತೆ ಮಾಡಿದ್ದಳೇ, ಅವನು ಈಗ ಕತ್ತೆತ್ತುತ್ತಾನೆ, ಬಾಗಿಲ ಕಡೆ ನೋಡುತ್ತಾನೆ, ಮುಖ ತಂದುಕೊಳ್ಳಲು ನೋಡುತ್ತಾನೆ, ಬರುವುದಿಲ್ಲ, ಸೊಂಟ ಬರುವುದಿಲ್ಲ, ಕೈ ಬರುವುದಿಲ್ಲ, ಹೊಸ್ತಿಲ ಮೇಲೆ ಎರಡು ಒದ್ದೆ ಪಾದ, ಬಲಗಾಲಿನ ಹೆಬ್ಬೆರಳು ಎಡಪಾದದ ಮೇಲೆ, ಎರಡು ಒದ್ದೆ ಪಾದ, ಇನ್ನೂ ತಿರುಗಿಲ್ಲ