ಸೊಟ್ಟ ಚಮಚ ಮತ್ತು ನಿಂಬೆವ್ವನ ತುತ್ತು

ನಾನು ಒಂದು ಚಮಚ. ಹುಟ್ಟಿದಾಗ ನೆಟ್ಟಗೇ ಇದ್ದೆ. ಗದಗಿನ ಮಕ್ಕಳ ಚಿಕಿತ್ಸಾ ಕೇಂದ್ರದ ಆಕ್ಯುಪೇಶನಲ್ ಥೆರಪಿಸ್ಟ್ ನಸ್ರೀನ್ ಮೇಡಂ ನನ್ನ ಕತ್ತನ್ನು ಪಕ್ಕಕ್ಕೆ ಬಗ್ಗಿಸಿ, ಸೈಕಲ್ ಹ್ಯಾಂಡಲ್ಲಿನ ರಬ್ಬರ್ ತೊಡಿಸಿದರು. ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು, ತಲೆ ಬಾಚಿಕೊಳ್ಳುವುದು, ಇಂಥವನ್ನು ಮಕ್ಕಳಿಗೆ ರೂಢಿ ಮಾಡಿಸುವುದೇ ಅವರ ಕಸುಬು. ರೂಪ ಕೆಟ್ಟಿತೆಂದು ನಾನು ಮುನಿಸಿಕೊಂಡಿದ್ದೆ. ಏಳು ವರ್ಷದ ದಾನೇಶ್ವರಿಯ ಕೈ ನೋಡಿದ ಮೇಲೆ ಮುನಿಸು ಇಳಿಯಿತು. ಹುಟ್ಟಿನಿಂದಲೇ ಬಿಗಿದಿದ್ದ ಆ ಬೆರಳುಗಳಿಗೆ ನನ್ನಂಥ ದಪ್ಪ ಹಿಡಿಯೇ ಬೇಕಿತ್ತು.

ಜೂನಿನಲ್ಲಿ ಅವಳು ಶಾಲೆಗೆ ಸೇರಬೇಕು. ಅಲ್ಲಿ ಉಣ್ಣಿಸುವವರಿಲ್ಲ.

"ಹಸದಾಗ ಕುಂದರಸ್ರಿ, ಚೆಲ್ಲಿದ್ರೂ ಸುಮ್ನಿರ್ರಿ" ಎಂದು ತಾಯಿಗೆ ಹೇಳಿ ಮೇಡಂ ನನ್ನನ್ನು ಅವರ ಮನೆಗೆ ಕಳಿಸಿದ್ದರು. ಅಜ್ಜಿ ನಿಂಬೆವ್ವನಿಗೆ ಸುಮ್ಮನಿರುವುದೊಂದೇ ಆಗದು. ಊಟಕ್ಕೆ ಮೊದಲೇ ಮೊಮ್ಮಗಳನ್ನು ಅಡುಗೆಮನೆಗೆ ಎತ್ತಿಕೊಂಡು ಹೋಗಿ, ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ ತುತ್ತು ಕೊಡುವಳು. "ನಿಮ್ಮವ್ವಗ ಹೇಳಬ್ಯಾಡ ಮತ್ತ!" ಹೊಟ್ಟೆ ತುಂಬಿದ ಹುಡುಗಿ ನನ್ನನ್ನು ಯಾಕೆ ಎತ್ತಿಯಾಳು? ಅವಳ ತಾಯಿಯೋ, ಪಾಪ, ಎರಡು ತಿಂಗಳು ನನ್ನನ್ನೇ ಬೈದಳು.

ಏಪ್ರಿಲಿನಲ್ಲಿ ನಿಂಬೆವ್ವ ಕಣ್ಣಿನ ಆಪರೇಷನ್ನಿಗೆಂದು ಮಗಳ ಊರಿಗೆ ಹೋದಳು. ದಾನೇಶ್ವರಿ ಅತ್ತಳು, ಹಟ ಮಾಡಿದಳು, ಕೊನೆಗೆ ಹಸಿವು ತಡೆಯದೆ ನನ್ನನ್ನು ಹಿಡಿದಳು. ಮೊದಲು ಗಲ್ಲಕ್ಕೆ, ಆಮೇಲೆ ಮೂಗಿಗೆ, ಹದಿನೈದನೆಯ ದಿನ ನೇರ ಬಾಯಿಗೆ! ನಾನು ಬೀಗಿಬಿಟ್ಟೆ.

ಅಜ್ಜಿ ಮರಳಿದ ದಿನ ದಾನೇಶ್ವರಿ ಅವಳೆದುರೇ ನನ್ನನ್ನು ಹಿಡಿದು ಉಂಡು ತೋರಿಸಿದಳು.

"ಶಾಬಾಸ್ ನನ ಕೂಸ" ಎಂದಳು ನಿಂಬೆವ್ವ. ಅವಳು ಕಲಸಿದ್ದ ತುತ್ತು ಕೈಯಲ್ಲೇ ಉಳಿದಿತ್ತು. "ಇನ್ನ ಈ ಮುದುಕಿ ಕೈ ಯಾಕ ಬೇಕಾದೀತು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ದಾನೇಶ್ವರಿ ಅವಳನ್ನೇ ನೋಡಿದಳು. ನನ್ನನ್ನು ತಟ್ಟೆಯಲ್ಲಿಟ್ಟು ಬಾಯಿ ತೆರೆದಳು. ಆಗ ನನಗೆ ಹೊಟ್ಟೆಕಿಚ್ಚಾಯಿತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಶಾಲೆ ಶುರುವಾದ ವಾರಕ್ಕೇ ನಿಂಬೆವ್ವ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ನೆರೆಯವರು ಬುತ್ತಿ ತಂದು ಬಡಿಸಿದರು. ದಾನೇಶ್ವರಿ ನನ್ನ ತುಂಬ ಅನ್ನ ತೆಗೆದುಕೊಂಡು ಎತ್ತಿದಳು. ಒಂದು ಅಗುಳೂ ಚೆಲ್ಲಲಿಲ್ಲ. ಆದರೆ ಬಾಯಿಗೆ ಒಯ್ಯಲಿಲ್ಲ. ಅಜ್ಜಿ ಕೂರುತ್ತಿದ್ದ ಮಣೆಯ ಕಡೆ ತಿರುಗಿ, ಬಾಯಿ ತೆರೆದು, ಹಾಗೇ ಕಾಯುತ್ತ ಕುಳಿತಳು.

ಈಗ ಅವಳು ಹೈಸ್ಕೂಲಿನಲ್ಲಿದ್ದಾಳೆ, ನೆಟ್ಟಗಿನ ಚಮಚ ಹಿಡಿಯುತ್ತಾಳೆ. ರಬ್ಬರ್ ಬಿರಿದು ನಾನು ಅಡುಗೆಮನೆಯ ಗೂಡು ಸೇರಿದ್ದೇನೆ. ಅವಳಿಗೆ ಯಾರ ಕೈಯೂ ಬೇಡವಾಗಲೆಂದೇ ನನ್ನನ್ನು ಬಗ್ಗಿಸಿದ್ದು. ಒಪ್ಪಿಸಿದ ಕೆಲಸ ಮಾಡಿದ್ದೇನೆ. ಆದರೂ ಆ ದಿನದ ತೆರೆದ ಬಾಯಿ ಕಣ್ಣಿಗೆ ಕಟ್ಟಿದಂತಿದೆ. ನನ್ನ ತುಂಬ ಅನ್ನವಿತ್ತು. ಅವಳಿಗೆ ಬೇಕಾದದ್ದು ನನ್ನಲ್ಲಿರಲಿಲ್ಲ.