‘ಹಳದಿ ಸೇತುವೆ’ ಕೊಟ್ಟವಳು

ಎಲ್ಬೆ ನದಿಯ ದಂಡೆಯ ನಮ್ಮೂರಿನ ಮ್ಯೂಸಿಯಂನಲ್ಲಿ ‘ಹಳದಿ ಸೇತುವೆ’ ಎಂಬ ಚಿತ್ರವಿದೆ. ಕೆಳಗೆ ‘ಕಲಾಭಿಮಾನಿಯೊಬ್ಬರ ಕೊಡುಗೆ’ ಎಂದಷ್ಟೇ ಬರೆದಿತ್ತು. ಆ ಕಲಾಭಿಮಾನಿ ನನ್ನ ಅಜ್ಜಿ ಹೆಡ್‌ವಿಗ್ ಮಾನ್‌ಹೈಮರ್. ಇದೂ ಒಂದು ಚಿತ್ರವೇ ಎಂದು ಊರೆಲ್ಲ ನಗುತ್ತಿದ್ದಾಗ ಕೊಂಡು, ಮ್ಯೂಸಿಯಂಗೆ ಕೊಟ್ಟವಳು. ನಾಜಿಗಳು ಚಿತ್ರವನ್ನು ಇಟ್ಟುಕೊಂಡು ಯಹೂದಿಯ ಹೆಸರನ್ನು ಕಿತ್ತರು. ಆಮೇಲೆ ಅವಳನ್ನೇ ಶಿಬಿರಕ್ಕೆ ಸಾಗಿಸಿದರು. ಅವಳು ಮರಳಲಿಲ್ಲ. ಯುದ್ಧ ಮುಗಿದು ಐವತ್ತು ವರ್ಷವಾದರೂ ಹೆಸರೂ ಮರಳಿರಲಿಲ್ಲ. ನೆನೆದರೆ ಮೈ ಉರಿಯುತ್ತಿತ್ತು.

ಹೆಸರು ಮತ್ತೆ ಹಾಕಿಸಲು ಅವಳ ಮಗ, ನನ್ನ ಸೋದರಮಾವ ಯೂಲಿಯಸ್ ಒಪ್ಪಬೇಕಿತ್ತು. ಎಂಬತ್ತು ದಾಟಿದ ಮಾವನದು ಒಂದೇ ಹಟ.

“ನಮ್ಮ ಯಹೂದಿ ಧರ್ಮದಲ್ಲಿ ಗುಪ್ತದಾನವೇ ದೊಡ್ಡದು ಕಣೇ ಲೀಸೆಲ್. ಹೇಗಿದೆಯೋ ಹಾಗೇ ಇರ್ಲಿ ಬಿಡು.”

“ಒಂದ್ಸಲ ಬಂದು ನೋಡು ಮಾವ. ಆಮೇಲೂ ಬೇಡ ಅಂದ್ರೆ ನಾನು ಬಾಯಿ ಬಿಡಲ್ಲ.”

“ನೀನು? ಬಾಯಿ ಬಿಡಲ್ವಾ? ಅದನ್ನ ನೋಡೋಕಾದ್ರೂ ಬರ್ತೀನಿ!”

ಮ್ಯೂಸಿಯಂನ ನಿರ್ದೇಶಕ ಹೆನ್ನಿಗ್ ಒಳ್ಳೆಯ ಮನುಷ್ಯನೇ. ಆದರೆ ಹಳೆಯದನ್ನು ಕೆದಕುವುದೆಂದರೆ ಅವನಿಗೆ ಮುಜುಗರ. ಚಿತ್ರದ ಮುಂದೆ ನಿಂತು ಮಾವ ಅದೇ ಗುಪ್ತದಾನದ ಮಾತು ಹೇಳಿದಾಗ ಅವನ ಮುಖ ಅರಳಿತು.

“ನೀವು ಹೇಳೋದು ಸರಿ ಸಾರ್, ಗುಪ್ತದಾನ. ನಿಮ್ಮ ತಾಯಿ ತುಂಬಾ ಸಂಕೋಚದ ಹೆಂಗಸು ಅಂತ ಕಾಣುತ್ತೆ.”

ಮಾವನ ಕಿವಿ ಕೆಂಪಾಯಿತು.

“ನಮ್ಮಮ್ಮಂಗಾ? ಸಂಕೋಚನಾ? ಶುಕ್ರವಾರ ಊಟಕ್ಕೆ ಬಂದೋರು ಗೋಡೆ ಮೇಲಿನ ಚಿತ್ರ ಹೊಗಳದಿದ್ರೆ ಎರಡನೇ ಸಲ ಮೀನು ಬಡಿಸ್ತಿರಲಿಲ್ಲ ಸ್ವಾಮಿ ಅವಳು! ಇದನ್ನ ಕೊಟ್ಟಾಗ, ಹೆಸರಿನ ಅಕ್ಷರ ಸಣ್ಣದಾಯ್ತು ಅಂತ ಇದೇ ಕೋಣೇಲಿ ಆಗಿನ ನಿರ್ದೇಶಕರಿಗೆ ಚಳಿ ಬಿಡಿಸಿದ್ಳು. ನಾನು ಅವಳ ಕೈ ಹಿಡ್ಕೊಂಡು ನಿಂತಿದ್ದೆ.”

“ಹಾಗಾದ್ರೆ ಗುಪ್ತದಾನ…”

“ಕೊಟ್ಟೋರು ಮುಚ್ಚಿಟ್ರೆ ಗುಪ್ತದಾನ. ಇಲ್ಲಿ ಮುಚ್ಚಿದ್ದು ನೀವು.” ಮಾವ ನನ್ನ ಕಡೆ ತಿರುಗಿದ. ದನಿ ಇಳಿದಿತ್ತು. “ನಾನೂ ಮುಚ್ಚಿದೆ ಕಣೇ. ಹೆಸರು ಕಂಡ್ರೆ ಮತ್ತೆ ಹುಡುಕ್ಕೊಂಡು ಬರ್ತಾರೆ ಅನ್ನೋ ಹೆದರಿಕೆ. ಅದಕ್ಕೆ ಧರ್ಮದ ಮಾತು ಹೇಳ್ತಿದ್ದೆ.”

ನನಗೆ ಅಳು ಬಂತು. ಹೆನ್ನಿಗ್ ತಲೆ ತಗ್ಗಿಸಿದ. ಹೆಸರಿನ ಅಕ್ಷರ ಎಷ್ಟು ದೊಡ್ಡದಿರಲಿ ಎಂದು ಮೆಲ್ಲಗೆ ಕೇಳಿದ.

ಮಾವ ಕೋಲೂರಿಕೊಂಡು ಕೋಣೆಯ ಬಾಗಿಲವರೆಗೂ ನಡೆದು, ಅಲ್ಲಿಂದ ತಿರುಗಿ ನಿಂತ.

“ಇಲ್ಲಿಂದ ಕಾಣ್ಬೇಕು. ಅದೂ ಕನ್ನಡಕ ಇಲ್ದೆ” ಎಂದ. ಆಮೇಲೆ, ಅಷ್ಟು ವರ್ಷ ಯಾರೆದುರೂ ಎತ್ತದಿದ್ದ ತಾಯಿಯ ಹೆಸರನ್ನು, ಚಿತ್ರ ನೋಡಲು ಬಂದವರೆಲ್ಲ ತಿರುಗುವಷ್ಟು ಗಟ್ಟಿಯಾಗಿ ಹೇಳಿದ.