ತಾವಾಗಿಯೇ ಹೊರಟವರು

"ಬಾಗಿಲು ಬಿಡು ರೋನೆಟ್," ಎಂದ ಹರ್ಷೆಲ್. ಟ್ರಕ್ಕಿನ ಬಾಗಿಲನ್ನು ಒಳಗಿನಿಂದ ಅವನು ಎಳೆಯುತ್ತಿದ್ದ, ಹೊರಗಿನಿಂದ ಅವಳು.

ಚರ್ಚಿನೊಳಗೆ ರೋನೆಟ್‌ಳ ತಾಯಿ ವೆಲ್ಡಾ ಮಲಗಿದ್ದ ಪೆಟ್ಟಿಗೆಯನ್ನು ಮುಚ್ಚಿಯಾಗಿತ್ತು. ಗುಡ್ಡದ ಮೇಲಿನ ಸ್ಮಶಾನಕ್ಕೆ ಗಾಲಿಬಂಡಿ ಹತ್ತುವುದಿಲ್ಲ. ಈ ಊರಿನಲ್ಲಿ ಸತ್ತವರನ್ನು ಆರು ಜನ ಹೊತ್ತೇ ಒಯ್ಯಬೇಕು. ಸಾಯುವ ಮೊದಲು ವೆಲ್ಡಾ ಮಗಳ ಹತ್ತಿರ ಕೇಳಿದ್ದು ಒಂದೇ: ಸಾಕ್ಸ್ ಮಿಲ್ಲಿನಿಂದ ತನ್ನ ಜೊತೆ ಹೊರಗೆ ಬಂದವರೇ ತನ್ನನ್ನು ಹೊರಬೇಕು. ಐದು ಜನ ಗೊಣಗುತ್ತಲೇ ಒಪ್ಪಿಕೊಂಡಿದ್ದರು. ಆರನೆಯವನಾಗಬೇಕಿದ್ದವನು ಹರ್ಷೆಲ್.

"ಸತ್ತ ಮೇಲೂ ಅವಳದ್ದೇ ಹುಕುಂ ನಡೀಬೇಕಾ? ಬದುಕಿದ್ದಾಗ ನಮ್ಮನ್ನೆಲ್ಲ ಬೀದಿಗೆ ತಂದು ನಿಲ್ಲಿಸಿದ್ಲು. ಈಗ ಹೆಗಲೂ ಬೇಕಂತೆ ಮಹಾರಾಣಿಗೆ."

"ಮಾಮ, ಇವತ್ತೊಂದು ದಿನ ಸುಮ್ನಿರೋಕಾಗಲ್ವಾ?"

"ನನ್ನ ಹೆಂಡ್ತಿ ಎಟ್ಟಾನ ಮಣ್ಣು ಮಾಡಿದ ದಿನ ನಿಮ್ಮಮ್ಮ ಕೊನೇ ಬೆಂಚಲ್ಲಿ ಕೂತಿದ್ದು ಹಾಗೇ ಎದ್ದು ಹೋದ್ಲು. ನನ್ನ ಮುಖಾನೂ ನೋಡ್ಲಿಲ್ಲ. ಹೋಗು, ನಿನ್ನ ದಾರಿ ನೀನು ನೋಡ್ಕೋ."

ಅವನ ಸಿಟ್ಟು ಸುಳ್ಳಲ್ಲ. ವೆಲ್ಡಾಳನ್ನು ಸಹಿಸಿಕೊಳ್ಳುವುದು ದೇವರಿಗೂ ಕಷ್ಟವೇ. ಚರ್ಚಿಗೆ ಬಂದವರಲ್ಲಿ ಅರ್ಧ ಜನ ಅವಳ ಬಾಯಿಗೆ ಸಿಕ್ಕವರು, ಉಳಿದರ್ಧ ಅವಳನ್ನು ನಂಬಿ ಕೆಟ್ಟವರು.

*

ವರ್ಷಗಳ ಹಿಂದೆ, ಮಿಲ್ಲು ಹೊಂಡುರಾಸ್ ದೇಶಕ್ಕೆ ಹೋಗುತ್ತದೆ ಎಂದು ಗೊತ್ತಾದ ವಾರವೇ ಯಂತ್ರಗಳನ್ನು ಬಿಚ್ಚಿ ಪೆಟ್ಟಿಗೆಗೆ ತುಂಬುವ ಕೆಲಸವನ್ನೂ ಅವನ್ನು ನಡೆಸುತ್ತಿದ್ದವರ ತಲೆಗೇ ಕಟ್ಟಿದರು. ವೆಲ್ಡಾ ಸ್ಪ್ಯಾನರನ್ನು ನೆಲಕ್ಕೆ ಎಸೆದಳು.

"ನನ್ನ ಯಂತ್ರಾನ ನಾನೇ ಕಟ್ಟಿ ಕಳಿಸ್ಬೇಕಾ? ಆಗಲ್ಲ. ಮಾನ ಇರೋರು ನನ್ನ ಜೊತೆ ಬನ್ನಿ."

ಓಪಲ್ ಒಬ್ಬಳನ್ನು ಬಿಟ್ಟು ಅವಳ ಸಾಲಿನವರೆಲ್ಲ ಎದ್ದು ಬಂದರು. ಹರ್ಷೆಲ್ ಸೀದಾ ಗೇಟಿನ ಕಡೆ ಹೊರಟಿದ್ದ. ವೆಲ್ಡಾ ಅವನ ತೋಳು ಹಿಡಿದು ನಿಲ್ಲಿಸಿದಳು.

"ಕಾರ್ಡ್ ಒತ್ತಿ ಹೋಗೋಣ ಕಣೋ. ಕಳ್ಳರ ಥರ ಯಾಕೆ ಹೋಗ್ಬೇಕು?"

ಮಿಲ್ಲಿನವರಿಗೆ ಅದು ರಕ್ತದಲ್ಲೇ ಇಳಿದಿತ್ತು. ಮನೆಗೆ ಬೆಂಕಿ ಬಿದ್ದಿದೆ ಎಂದರೂ ಬಾಗಿಲ ಬಳಿಯ ಗಡಿಯಾರಕ್ಕೆ ಕಾರ್ಡ್ ಒತ್ತಿ ಹೊರಟ ಹೊತ್ತು ದಾಖಲಿಸದೆ ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ. ಒಬ್ಬೊಬ್ಬರಾಗಿ ಒತ್ತಿದರು. ಓಪಲ್‌ಳನ್ನು ದಾಟುವಾಗ ವೆಲ್ಡಾ ಅವಳ ಕಾಲ ಬಳಿ ಉಗಿದಳು.

ಆಮೇಲೆ ಸರ್ಕಾರದ ನೆರವು ಬಂತು. ಕೆಲಸ ಪರದೇಶದ ಪಾಲಾದವರಿಗೆ ಹೊಸ ಕಸುಬು ಕಲಿಯುವವರೆಗೆ ವಾರವಾರ ಹಣ, ಆಸ್ಪತ್ರೆಯ ವಿಮೆಗೂ ಸಹಾಯ. ಆದರೆ ಕಂಪನಿ ಮನೆಗೆ ಕಳಿಸಿದವರಿಗೆ ಮಾತ್ರ, ತಾವಾಗಿ ಕೆಲಸ ಬಿಟ್ಟವರಿಗೆ ಚಿಕ್ಕಾಸೂ ಇಲ್ಲ. ಹಾಡುಹಗಲೇ ಒತ್ತಿದ ಆ ಕಾರ್ಡುಗಳನ್ನು ಕಂಪನಿ ಸಾಕ್ಷಿಗೆಂದು ಜೋಪಾನವಾಗಿ ತೆಗೆದಿಟ್ಟಿತ್ತು. ಉಳಿದು ಯಂತ್ರ ಕಟ್ಟಿದ ಓಪಲ್ ಹಣವನ್ನೂ ಪಡೆದಳು, ದಾದಿಯ ಕೆಲಸವನ್ನೂ ಕಲಿತಳು. ಹರ್ಷೆಲ್‌ನ ಹೆಂಡತಿ ಎಟ್ಟಾಳ ಚಿಕಿತ್ಸೆ ವಿಮೆಯಿಲ್ಲದೆ ಅರ್ಧಕ್ಕೇ ನಿಂತಿತು.

*

ರೋನೆಟ್ ಬಾಗಿಲು ಬಿಟ್ಟಳು. ಮೆಟ್ಟಿಲ ಪಕ್ಕ ಒಂಟಿಯಾಗಿ ನಿಂತಿದ್ದ ಓಪಲ್ ಹತ್ತಿರ ಹೋದಳು.

"ಓಪಲ್ ಆಂಟಿ, ನೀವು ಬರ್ತೀರಾ?"

"ನಾನಾ? ಕೊನೇ ತಿಂಗಳೆಲ್ಲ ಅವಳ ಮೈ ಒರೆಸ್ದೆ. ಗೋಡೆ ಕಡೆ ತಿರುಗ್ಕೊಂಡೇ ಇದ್ಲು. ಒಂದು ಮಾತಾಡ್ಲಿಲ್ಲ ಮುದುಕಿ." ಹಾಗೆನ್ನುತ್ತಲೇ ಓಪಲ್ ಕೈಚೀಲವನ್ನು ಮೆಟ್ಟಿಲ ಮೇಲಿಟ್ಟಳು.

ಹರ್ಷೆಲ್ ಟ್ರಕ್ಕಿನಿಂದ ಇಳಿದೇಬಿಟ್ಟ. "ಇವಳ ಕೈ ತಾಗಿದ್ರೆ ವೆಲ್ಡಾ ಪೆಟ್ಟಿಗೆ ಒದ್ಕೊಂಡು ಆಚೆ ಬರ್ತಾಳೆ!"

"ಬರ್ಲಿ ಬಿಡು. ಹೊರೋ ಭಾರ ಕಮ್ಮಿಯಾಗತ್ತೆ," ಎಂದಳು ಓಪಲ್.

ಯಾರೋ ಕಿಸಕ್ಕೆಂದರು. ಹರ್ಷೆಲ್‌ನ ಕಿವಿ ಕೆಂಪಾಯಿತು.

"ನಿನಗೇನೇ ಗೊತ್ತು? ನೀನು ದುಡ್ಡು ಎಣಿಸ್ತಾ ಕೂತಿದ್ದೆ. ಸರ್ಕಾರದೋರ ವಿಚಾರಣೆ ದಿನ ಅವಳ ಕೈಕಾಲು ಹಿಡ್ಕೊಂಡೆ ನಾನು. ಮ್ಯಾನೇಜರ್ರೇ ಓಡಿಸಿದ್ದು ಅಂತ ಒಂದು ಸುಳ್ಳು ಹೇಳು ಅಂದೆ. ಹೇಳಿದ್ರೆ ನನ್ನ ಎಟ್ಟಾ ಉಳೀತಿದ್ಲು."

ಓಪಲ್ ಅವನನ್ನೇ ನೋಡಿದಳು. "ಎಲ್ಲರನ್ನೂ ಕೇಳಿದ್ರಂತಲ್ಲ. ನೀನೇನು ಹೇಳ್ದೆ?"



*

ನೆರವು ಕೇಳಿದವರನ್ನು ಸರ್ಕಾರದ ಕಡೆಯಿಂದ ವಿಚಾರಣೆ ಮಾಡಿದಾಕೆ ಒಳ್ಳೆಯ ಹೆಂಗಸು. ಅವರ ಬಾಯಿಂದ ಹೌದು ಎನ್ನಿಸಲು ಆಕೆಗೇ ಆಸೆ ಇದ್ದಂತಿತ್ತು, ಅದಕ್ಕೇ ಎರಡೆರಡು ಸಲ ಕೇಳಿದಳು. "ಯಾರಾದ್ರೂ ನಿಮ್ಮನ್ನ ಹೊರಗೆ ಹೋಗಿ ಅಂದ್ರಾ?"

"ನಮ್ಮನ್ನ ಓಡಿಸೋ ಗಂಡಸು ಆ ಮಿಲ್ಲಲ್ಲಿ ಇರ್ಲಿಲ್ಲ," ಎಂದಳು ವೆಲ್ಡಾ. "ನಾವಾಗೇ ಹೊರಟ್ವಿ."

ಮುಂದಿನ ಸರದಿ ಹರ್ಷೆಲ್‌ನದು. ಹೇಳಬೇಕಾದ ಸುಳ್ಳನ್ನು ಅವನು ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುವಾಗಲೇ ಬಾಯಿಪಾಠ ಮಾಡಿದ್ದ. ವೆಲ್ಡಾ ಅವನ ಕಡೆ ತಿರುಗಿಯೂ ನೋಡಲಿಲ್ಲ. ಅವನು ಏನು ಹೇಳುತ್ತಾನೆ ಎಂಬುದರಲ್ಲಿ ಅವಳಿಗೆ ಅಷ್ಟು ಭರವಸೆ. ತಾನು ಓಡಿಸಿಕೊಂಡವನು ಎಂದು ಅವಳೆದುರು ಹೇಳಿಕೊಳ್ಳಲು ಅವನ ನಾಲಿಗೆ ಹೊರಳಲಿಲ್ಲ.

"ಅವಳು ಹೇಳಿದ್ದೇ ನಿಜ," ಎಂದುಬಿಟ್ಟ.

ಮನೆಗೆ ಹೋಗಿ ಎಟ್ಟಾಗೆ ಹೇಳಿದ್ದು ಬೇರೆ. ವೆಲ್ಡಾ ಎಲ್ಲ ಹಾಳು ಮಾಡಿದಳು, ತನ್ನನ್ನು ಯಾರೂ ಕೇಳಲೇ ಇಲ್ಲ ಎಂದ. ಎಟ್ಟಾ ಅದನ್ನು ನಂಬಿಕೊಂಡೇ ಸತ್ತಳು.

*

ಪೆಟ್ಟಿಗೆ ಗುಡ್ಡ ಹತ್ತಿತು. ಗಿಡ್ಡಿ ಓಪಲ್ ಹಿಡಿದ ಕಡೆ ವಾಲುತ್ತಲೇ ಹತ್ತಿತು. "ಎತ್ತೇ, ಎತ್ತು!" ಎಂದು ಮುಂದಿದ್ದವನು ರೇಗಿದರೆ, "ಎತ್ತಿದೀನಿ ಕಣೋ, ನೀನು ಬಗ್ಗು," ಎಂದು ಅವಳೂ ರೇಗಿದಳು. ಪ್ರಾರ್ಥನೆಗಿಂತ ಬೈಗುಳವೇ ಹೆಚ್ಚು ಕೇಳಿಸಿತು. ಹರ್ಷೆಲ್ ಎಲ್ಲರಿಗಿಂತ ಹಿಂದೆ ನಡೆದ. ಅವನನ್ನು ಯಾರೂ ಕರೆಯಲಿಲ್ಲ.

ಪಾದ್ರಿ ಮಾತು ಮುಗಿಸಿದ ಮೇಲೆ ಜನ ಚರ್ಚಿನ ಹಜಾರಕ್ಕೆ ಇಳಿದರು. ಅಲ್ಲಿ ಹುರಿದ ಕೋಳಿಯಿತ್ತು, ಬಾಳೆಹಣ್ಣಿನ ಪುಡಿಂಗ್ ಇತ್ತು. ಊಟದ ಮೇಜಿನಲ್ಲಿ ಯಾರು ಯಾರ ಪಕ್ಕ ಕೂರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಗುಡ್ಡದ ಮೇಲೆ ಮಣ್ಣು ಮುಚ್ಚುವ ಯಂತ್ರದವನು ಗುಂಡಿಯ ಹತ್ತಿರ ಬಂದು ಹಾರ್ನ್ ಹೊಡೆದ. ಪಕ್ಕದಲ್ಲಿ ಅಗೆದು ಹಾಕಿದ ಕೆಂಪು ಮಣ್ಣಿನ ರಾಶಿಯ ಮೇಲೆ ಹರ್ಷೆಲ್ ಇದ್ದೊಂದು ಕರಿ ಸೂಟಿನಲ್ಲೇ ಕುಕ್ಕರಿಸಿದ್ದ.

"ಏಳೋ ಯಜಮಾನ, ಹೊತ್ತಾಯ್ತು," ಎಂದ ಯಂತ್ರದವನು.

ಪೆಟ್ಟಿಗೆಗೆ ಕೊಡದ ಎರಡೂ ಕೈಗಳನ್ನು ಹರ್ಷೆಲ್ ಮಣ್ಣಿನೊಳಗೆ ಮೊಣಕೈವರೆಗೆ ಹೂತುಕೊಂಡ.